ಸತ್ತ ಮೇಲೂ ಊರನ್ನು ಆಡಿಸುವ ಖಳ

ಫ್ಯಾಂಟಸಿ ಗೇಮ್‌ಗಳಿಗೆ ಕಥೆ ಬರೆಯುವವರ ಹತ್ತಿರ ಒಂದು ಬೇಡಿಕೆ ಮತ್ತೆ ಮತ್ತೆ ಬರುತ್ತದೆ. 'ಎರಡನೇ ಲೆವೆಲ್‌ನಲ್ಲಿ ಒಬ್ಬ ವಿಲನ್ ಇದ್ದನಲ್ಲ, ಚೆನ್ನಾಗಿದ್ದ. ಸುಮ್ನೆ ಸತ್ತುಹೋದ. ಅವನಿಗೆ ಏನಾದರೂ ಮಾಡಿ.' ಏನಾದರೂ ಅಂದರೆ ಕೇಳುವವರ ಮನಸ್ಸಿನಲ್ಲಿ ಎರಡೇ ದಾರಿ ಇರುತ್ತದೆ. ಅವನ ಬಾಲ್ಯದ ಫ್ಲ್ಯಾಶ್‌ಬ್ಯಾಕ್ ತೋರಿಸುವುದು, ಇಲ್ಲವೇ ಅವನು ಸತ್ತೇ ಇರಲಿಲ್ಲ ಎಂದು ಎಬ್ಬಿಸಿ ತರುವುದು.

ಎರಡಕ್ಕೂ ನನ್ನ ಉತ್ತರ ಬೇಡ ಎಂದೇ. ಅದಕ್ಕೆ ಎರಡು ಕಾರಣ. ಮೊದಲನೆಯದು ದುಡ್ಡಿನ ಮಾತು. ಖಳ ಅರ್ಧಕ್ಕೇ ನಿಂತಿದ್ದು ಬರೆಯುವವರ ಸೋಮಾರಿತನದಿಂದ ಅಂತ ಆಟಗಾರರು ಬೈಯುತ್ತಾರೆ. ಎಷ್ಟೋ ಸಲ ಅನಿಮೇಷನ್‌ಗೆ ದುಡ್ಡು ಸಾಲದೆ ಅವನ ನಾಲ್ಕು ದೃಶ್ಯ ಎರಡಾಗಿರುತ್ತವೆ, ಡಬ್ಬಿಂಗ್ ಮುಗಿಯುವ ಹೊತ್ತಿಗೆ ಒಂದಾಗಿರುತ್ತದೆ. ಫ್ಲ್ಯಾಶ್‌ಬ್ಯಾಕ್‌ಗೂ ಅದೇ ದುಡ್ಡು ಬೇಕಲ್ವಾ? ಎರಡನೆಯ ಮಾತು ಇನ್ನೂ ಮುಖ್ಯ. ಖಳನ ಬಾಲ್ಯ ಗೊತ್ತಾದರೆ ಅವನ ಮೇಲೆ ಕನಿಕರ ಬರಬಹುದು, ಆದರೆ ಆ ಲೋಕದಲ್ಲಿ ಅವನ ತೂಕ ಒಂದು ಗುಲಗಂಜಿಯಷ್ಟೂ ಜಾಸ್ತಿಯಾಗುವುದಿಲ್ಲ. ತೂಕ ಬರಬೇಕಾದರೆ ಅವನು ಹೋದ ಮೇಲೆ ಬದುಕಿರುವವರು ಅವನ ದೆಸೆಯಿಂದ ಇವತ್ತಿಗೂ ಏನಾದರೂ ಮಾಡುತ್ತಿರಬೇಕು, ಅಥವಾ ಏನನ್ನಾದರೂ ಮಾಡದೆ ಬಿಟ್ಟಿರಬೇಕು.

ಇದನ್ನು ಕಲಿಯಲು ಮೈಸೂರಿನಲ್ಲಿ ಕೂತವರು ದೂರ ಹೋಗಬೇಕಿಲ್ಲ. ಚಾಮುಂಡಿ ಬೆಟ್ಟದ ಮೇಲೆ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದು ನಿಂತಿರುವವನ ಹೆಸರನ್ನೇ ಊರು ಇಟ್ಟುಕೊಂಡಿದೆ. ಆದರೆ ನನ್ನ ಕೆಲಸಕ್ಕೆ ಮಹಿಷನಿಗಿಂತ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಅಲಮೇಲಮ್ಮನ ಕಥೆ.

1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲರಾಜನಿಂದ ಶ್ರೀರಂಗಪಟ್ಟಣವನ್ನು ತೆಗೆದುಕೊಂಡರು. ತಿರುಮಲರಾಜನ ಹೆಂಡತಿ ಅಲಮೇಲಮ್ಮ. ಆಕೆಯ ಹತ್ತಿರವಿದ್ದ ಒಡವೆಗಳಿಗಾಗಿ ಒಡೆಯರ ಕಡೆಯವರು ಬಂದರು, ಆಕೆ ಒಡವೆ ಕಟ್ಟಿಕೊಂಡು ಮಾಲಂಗಿಯ ಹತ್ತಿರ ಕಾವೇರಿಗೆ ಹಾರಿದಳು, ಹಾರುವ ಮುಂಚೆ ಶಾಪ ಹಾಕಿದಳು ಎನ್ನುತ್ತದೆ ಕಥೆ. 'ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ.' ಅಷ್ಟೇ. ಇಡೀ ಕಥೆಯಲ್ಲಿ ಆಕೆಗೆ ಸಿಕ್ಕಿರುವುದು ಒಂದು ದೃಶ್ಯ, ಮೂರು ಸಾಲು ಮಾತು.

ಆಕೆಯನ್ನು ಖಳನಾಯಕಿ ಎಂದರೆ ತಲಕಾಡಿನ ಕಡೆಯವರು ನನ್ನನ್ನು ಬಿಡುವುದಿಲ್ಲ. ಬಿಡಲೂಬಾರದು. ಅಲ್ಲಿ ನಿಂತು ಕೇಳಿದರೆ ಅನ್ಯಾಯವಾಗಿದ್ದು ಆಕೆಗೆ. ಗೆದ್ದವರ ಕಡೆಯಿಂದ ಕೇಳಿದರೆ ಮಾತ್ರ ಆಕೆ ವಂಶಕ್ಕೆ ಕಂಟಕ. ಒಳ್ಳೆಯ ಖಳಪಾತ್ರಕ್ಕೆ ಇದೂ ಒಂದು ಲಕ್ಷಣವೇ. ಯಾವ ದಡದಲ್ಲಿ ನಿಂತು ಕೇಳುತ್ತೀರಿ ಎನ್ನುವುದರ ಮೇಲೆ ಅವರ ಬಣ್ಣ ಬದಲಾಗಬೇಕು.

ಈಗ ಆ ಮೂರು ಸಾಲನ್ನು ಗೇಮ್ ಬರೆಯುವವನ ಕಣ್ಣಿನಿಂದ ನೋಡಿ. ಮೊದಲ ಸಾಲು ನೆಲದ ಮೇಲೆ ಕಾಣುತ್ತದೆ. ತಲಕಾಡಿಗೆ ಹೋದವರು ಮರಳು ತುಳಿದುಕೊಂಡೇ ಗುಡಿಯಿಂದ ಗುಡಿಗೆ ನಡೆಯಬೇಕು, ಪಾತಾಳೇಶ್ವರನನ್ನು ನೋಡಲು ಮೆಟ್ಟಿಲಿಳಿಯಬೇಕು. ನದಿಯ ತಿರುವು, ಮುಂಗಾರಿನ ಗಾಳಿ, ಮೇಲೆ ಕಟ್ಟಿದ ಮಾಧವಮಂತ್ರಿ ಅಣೆಕಟ್ಟೆಯಿಂದ ಬಯಲಾದ ನದಿಪಾತ್ರ ಎಂದು ತಿಳಿದವರು ಕಾರಣ ಕೊಡುತ್ತಾರೆ. ಕಾರಣ ಸರಿಯಿರಬಹುದು. ಮಧ್ಯಾಹ್ನದ ಬಿಸಿಲಲ್ಲಿ ಕಾಲು ಹೂತುಕೊಂಡಾಗ ನೆನಪಾಗುವುದು ಮಾತ್ರ ಅಲಮೇಲಮ್ಮ. ಎರಡನೆಯ ಸಾಲು ನೀರಿನ ಆಳ. ಅದನ್ನು ಇಳಿದು ಅಳೆದು ನೋಡುವವರಿಲ್ಲ, ಹಾಗಾಗಿ ಭಯ ಹಾಗೇ ಉಳಿಯುತ್ತದೆ. ಮೂರನೆಯದು ಅರಮನೆಯ ಒಳಕ್ಕೇ ಹೋಗುತ್ತದೆ. 1617ರಲ್ಲಿ ರಾಜ ಒಡೆಯರ ನಂತರ ಪಟ್ಟಕ್ಕೆ ಬಂದದ್ದು ಮಗನಲ್ಲ, ಮೊಮ್ಮಗ. ಮುಮ್ಮಡಿ ಕೃಷ್ಣರಾಜ ಒಡೆಯರು ದತ್ತು ತೆಗೆದುಕೊಂಡರು. ನಾಲ್ವಡಿಯವರ ನಂತರ 1940ರಲ್ಲಿ ಬಂದದ್ದು ತಮ್ಮನ ಮಗ. 2015ರಲ್ಲಿ ಮತ್ತೆ ದತ್ತು. ನಡುನಡುವೆ ಮಕ್ಕಳಾದವರೂ ಇದ್ದಾರಲ್ಲ ಅಂದರೆ ಜನ ಕಥೆಯನ್ನು ಬಿಡಲಿಲ್ಲ, ಅದಕ್ಕೊಂದು ತಿದ್ದುಪಡಿ ಹಾಕಿದರು. ಶಾಪ ತಲೆ ಬಿಟ್ಟು ತಲೆಗೆ ತಟ್ಟುತ್ತದಂತೆ! 2017ರಲ್ಲಿ ರಾಜಮನೆತನದಲ್ಲಿ ಗಂಡುಮಗು ಹುಟ್ಟಿದಾಗ ಶಾಪ ಕಳೆಯಿತೋ ಇಲ್ಲವೋ ಎಂದು ಪೇಪರ್‌ನಿಂದ ಹಿಡಿದು ಟೀ ಅಂಗಡಿವರೆಗೆ ಚರ್ಚೆ ನಡೆಯಿತು.

ಇದಕ್ಕಿಂತ ನನಗೆ ಇಷ್ಟವಾದದ್ದು ಇನ್ನೊಂದಿದೆ. ಶಾಪ ಹಾಕಿಸಿಕೊಂಡ ಅರಮನೆಯಲ್ಲೇ ಅಲಮೇಲಮ್ಮನ ವಿಗ್ರಹವಿದೆ, ನವರಾತ್ರಿಯಲ್ಲಿ ಪೂಜೆಯೂ ಉಂಟು. ಒಡೆಯರ ದಸರಾ ಶುರುವಾದದ್ದೂ ಅದೇ 1610ರಲ್ಲಿ, ಶ್ರೀರಂಗಪಟ್ಟಣದಲ್ಲಿ. ಗೆದ್ದವರ ಹಬ್ಬದೊಳಗೇ ಎದುರಾಳಿಗೆ ಒಂದು ಮಣೆ ಹಾಕಿಟ್ಟಿದ್ದಾರೆ. ಯಾವ ಕಟ್‌ಸೀನ್ (ಆಟದ ನಡುವೆ ಬರುವ ಸಿನಿಮಾದಂಥ ದೃಶ್ಯ) ಇಷ್ಟನ್ನು ಹೇಳೀತು?

ಗೇಮ್ ಲೋಕದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ವೆಕ್ನಾ ಎಂಬ ಖಳ. ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ 1974ರಲ್ಲಿ ಬಂತು. 1976ರಲ್ಲಿ ಅದಕ್ಕೆ ಬಂದ ಒಂದು ಪೂರಕ ಪುಸ್ತಕದಲ್ಲಿ ಮಾಯಾವಸ್ತುಗಳ ಪಟ್ಟಿಯೊಳಗೆ ವೆಕ್ನಾನ ಕೈ, ವೆಕ್ನಾನ ಕಣ್ಣು ಎಂಬ ಎರಡು ವಸ್ತುಗಳಿದ್ದವು. ಆಸಾಮಿಯೇ ಇರಲಿಲ್ಲ! ಅವನಿಗೆ ದ್ರೋಹ ಮಾಡಿದ ಕಾಸ್ ಎಂಬುವನ ಕತ್ತಿಯೂ ಅದೇ ಪುಸ್ತಕದಲ್ಲಿತ್ತು. ವೆಕ್ನಾ ಖುದ್ದಾಗಿ ಎದುರಿಗೆ ಬಂದದ್ದು 1990ರ ಒಂದು ಸಾಹಸಕಥೆಯಲ್ಲಿ. ಅಷ್ಟು ವರ್ಷ ಅವನ ಹೆಸರನ್ನು ಹೊತ್ತು ತಿರುಗಿದ್ದು ಬರೀ ಕೈ ಮತ್ತು ಕಣ್ಣು.

ಅದು ಹೇಗೆ ಸಾಧ್ಯವಾಯಿತು? ಆ ಕೈಯ ಶಕ್ತಿ ಬೇಕಾದರೆ ಆಟಗಾರ ತನ್ನ ಪಾತ್ರದ ಕೈಯನ್ನು ಕತ್ತರಿಸಿ ಆ ಜಾಗಕ್ಕೆ ಅದನ್ನು ಇಟ್ಟುಕೊಳ್ಳಬೇಕು. ಕಣ್ಣಿಗೂ ಹಾಗೇ. ವೆಕ್ನಾ ಎಂಥ ಕ್ರೂರಿ ಎಂದು ಯಾರೂ ಪುಟಗಟ್ಟಲೆ ಹೇಳಲಿಲ್ಲ. ಅವನ ವಸ್ತು ಮುಟ್ಟಬೇಕಾದರೆ ನೀನೇ ನಿನಗೆ ಕ್ರೂರಿಯಾಗಬೇಕು ಎಂದು ನಿಯಮವೇ ಹೇಳಿತು. ಆಟಗಾರರ ನಡುವೆ ಇದರ ಒಂದು ತಮಾಷೆಯೂ ಓಡಾಡುತ್ತದೆ. ಒಂದು ಗುಂಪಿಗೆ ವೆಕ್ನಾನ ತಲೆ ಸಿಕ್ಕಿದೆ ಎಂದು ಯಾರೋ ಪುಕಾರು ಹಬ್ಬಿಸಿದರಂತೆ. ಅಂಥ ವಸ್ತುವೇ ಇಲ್ಲ. ಆದರೂ ಅವರು ಅದನ್ನು ಕೂರಿಸಿಕೊಳ್ಳಲು ತಮ್ಮವನ ತಲೆಯನ್ನೇ ಕಡಿದರಂತೆ, ಒಬ್ಬನದಾದ ಮೇಲೆ ಇನ್ನೊಬ್ಬನದು. ಖಳನ ಪರಂಪರೆ ಅಂದರೆ ಇದು. ಅವನು ಇಲ್ಲದ ಕಡೆಯೂ ಅವನ ಹೆಸರಿನಲ್ಲಿ ಜನ ಹಾಳಾಗುತ್ತಾರೆ.

ತದ್ವಿರುದ್ಧದ ಉದಾಹರಣೆ ಎಲ್ಡರ್ ಸ್ಕ್ರೋಲ್ಸ್ ಎಂಬ ವಿಡಿಯೊ ಗೇಮ್ ಸರಣಿಯ ಮಾನಿಮಾರ್ಕೊ, ಹುಳುಗಳ ರಾಜ. 2006ರ ಆಬ್ಲಿವಿಯನ್‌ನಲ್ಲಿ ಮಾಂತ್ರಿಕರ ಸಂಘದ ಕಥೆಯುದ್ದಕ್ಕೂ ಅವನ ಹೆಸರು ಕೇಳಿ ಎದೆ ಹೊಡೆದುಕೊಳ್ಳುತ್ತದೆ. ಕೊನೆಗೆ ಎದುರಾದಾಗ ಅವನೊಬ್ಬ ಸಾಧಾರಣ ಎಲ್ಫ್. ಸ್ವಲ್ಪ ಹೊತ್ತಿನ ಹೊಡೆದಾಟ, ಮುಗೀತು. 'ಇವನೇನಾ?' ಅಂದುಕೊಂಡವರು ಜಾಸ್ತಿ. ಆದರೆ ಅದೇ ಆಟದಲ್ಲಿ ಪ್ರೇತಮಾಂತ್ರಿಕರ ಚಂದ್ರ ಎಂಬುದೊಂದಿದೆ. ಅದೇ ಸರಣಿಯ 1996ರ ಗೇಮ್ ಡ್ಯಾಗರ್‌ಫಾಲ್‌ನ ಒಂದು ಮುಕ್ತಾಯದಲ್ಲಿ ಮಾನಿಮಾರ್ಕೊ ದೇವರೇ ಆಗಿಬಿಡುತ್ತಾನೆ. ಆ ದೇವರು ಈಗ ಆಕಾಶದಲ್ಲಿದ್ದಾನೆ ಎಂಬ ನಂಬಿಕೆಯೇ ಈ ಚಂದ್ರ. ಅದರ ನೆರಳು ಬೀಳುವ ರಾತ್ರಿ ಗೊತ್ತಾದ ಪೀಠದಲ್ಲಿ ಆತ್ಮರತ್ನ ಇಟ್ಟು ಮಂತ್ರ ಹಾಕಿದರೆ ಕಪ್ಪು ಆತ್ಮರತ್ನ ಮಾಡಿಕೊಳ್ಳಬಹುದು. ಮನುಷ್ಯರ ಆತ್ಮ ಹಿಡಿಯುವ ರತ್ನ ಅದು. ಎದುರಿಗೆ ಬಂದ ಮಾನಿಮಾರ್ಕೊನನ್ನು ಆಟಗಾರ ಎರಡೇ ದಿನಕ್ಕೆ ಮರೆಯುತ್ತಾನೆ. ಆ ರಾತ್ರಿಗಾಗಿ ಮಾತ್ರ ದಿನ ಎಣಿಸಿಕೊಂಡು ಕಾಯುತ್ತಾನೆ. ಮೈಯಿಂದ ಆಗದ್ದನ್ನು ಪಂಚಾಂಗ ಮಾಡಿತು.

ಇನ್ನು ನನ್ನ ಮೇಜಿನ ಮೇಲಿರುವ ಕೆಲಸ. ಒಂದು ಸಣ್ಣ ಸ್ಟುಡಿಯೊದ ಗೇಮ್. ಖಳನ ಹೆಸರು ರುದ್ರಭಂಜ, ದಳವಾಯಿ. (ಇಂಥ ಹೆಸರು ಡಜನ್‌ಗಟ್ಟಲೆ ಸಿಗುತ್ತವೆ, ನಾನಿಟ್ಟದ್ದಲ್ಲ.) ಮೊದಲ ಭಾಗದಲ್ಲಿ ಅವನು ಮೇಲಿನ ಕೆರೆಯ ತೂಬು ಮುಚ್ಚಿಸಿ ಕೆಳಗಿನ ಊರುಗಳನ್ನು ಒಣಗಿಸುತ್ತಾನೆ. ನಾಯಕ ಬಂದು ಕೋಟೆ ಬಾಗಿಲಲ್ಲೇ ಅವನನ್ನು ಕೊಲ್ಲುತ್ತಾನೆ. ಎರಡನೇ ಭಾಗ ಇನ್ನೂರು ವರ್ಷದ ನಂತರದ್ದು. ಅದರಲ್ಲಿ ರುದ್ರಭಂಜ ಬೇಕು, ಹೊಸ ಅನಿಮೇಷನ್ ಇಲ್ಲ.

ನಾನು ಮೊದಲು ಕೇಳಿಕೊಂಡದ್ದು ಅವನ ಬಗ್ಗೆ ಅಲ್ಲ, ತೂಬಿನ ಬಗ್ಗೆ. ಮಂಡ್ಯದ ಕಡೆ ಓಡಾಡಿದವರಿಗೆ ಗೊತ್ತು, ನಾಲೆಯ ಕೊನೆಯ ಊರಿನವರಿಗೆ ನೀರಿನ ಲೆಕ್ಕವೇ ಬೇರೆ. ಕಟ್ಟು ನೀರು ಯಾವತ್ತು, ಯಾರ ಸರದಿ, ರಾತ್ರಿ ಯಾರು ಗದ್ದೆ ಬದುವಿನ ಮೇಲೆ ಕೂರುತ್ತಾರೆ ಎಲ್ಲಕ್ಕೂ ಒಂದು ಕಟ್ಟಳೆ ಇರುತ್ತದೆ. ಒಮ್ಮೆ ಒಬ್ಬನೇ ಮನುಷ್ಯ ತೂಬು ಮುಚ್ಚಿ ಊರೂರು ಕೊಂದಿದ್ದರೆ ಅಲ್ಲಿಯ ಜನ ಏನು ಮಾಡಿಯಾರು? ತೂಬಿಗೆ ಬೀಗ ಹಾಕುತ್ತಾರೆ, ಬೀಗದ ಕೈಯನ್ನು ಒಬ್ಬರ ಹತ್ತಿರ ಬಿಡುವುದಿಲ್ಲ. ಹೀಗೆ ಮೂರು ಕೀಲಿ ಬಂದವು, ಮೂರು ಊರಿನ ಮೂರು ಮನೆಯಲ್ಲಿ. ಮೂರೂ ಒಟ್ಟಿಗೆ ತಿರುಗಿದರೆ ಮಾತ್ರ ತೂಬು ಏಳುತ್ತದೆ. ಕತ್ತಲಾದ ಮೇಲೆ ಯಾರೂ ಅದನ್ನು ಮುಟ್ಟುವಂತಿಲ್ಲ.

ಇಷ್ಟಾದ ಮೇಲೆ ಆಟದ ಕೆಲಸವೂ ತಾನಾಗೇ ಹುಟ್ಟಿತು. ಆಟಗಾರ ಕೆರೆ ದಾಟಬೇಕಾದರೆ ನೀರು ಇಳಿಯಬೇಕು, ಅದಕ್ಕೆ ಮೂರು ಕೀಲಿ ಬೇಕು, ಮೂರರಲ್ಲಿ ಎರಡು ಮನೆಯವರಿಗೆ ಮಾತಿಲ್ಲ ಕತೆಯಿಲ್ಲ. ಕೀಲಿ ಇಟ್ಟುಕೊಂಡವರಿಗೆ ಪ್ರತಿ ಸುಗ್ಗಿಯಲ್ಲೂ ಊರಿನಿಂದ ಭತ್ತ ಸಲ್ಲುತ್ತದೆ. ಈ ಭತ್ತವೇ ನನಗೆ ಇಡೀ ಕಥೆಯ ಕೀಲು. ಖಳನ ಭಯ ಜೀವಂತವಾಗಿದ್ದರೆ ಅದರಿಂದ ಯಾರಿಗಾದರೂ ಹೊಟ್ಟೆ ತುಂಬುತ್ತಿರಬೇಕು. ಲಾಭವಿಲ್ಲದ ನೆನಪು ಮೂರು ತಲೆಮಾರು ಬಾಳುವುದಿಲ್ಲ. ಕೀಲಿ ಮನೆಯ ಯಜಮಾನರಿಗೆ ರುದ್ರಭಂಜ ಬೇಕು. ಅವನು ಮತ್ತೆ ಬರುತ್ತಾನೆ ಎಂದು ವರ್ಷಕ್ಕೊಮ್ಮೆ ಅವರೇ ಹೆದರಿಸುತ್ತಾರೆ.

ಮಿಕ್ಕದ್ದು ಸಣ್ಣ ಸಣ್ಣ ಸಂಗತಿ, ಖರ್ಚಿಲ್ಲದ್ದು. ಅವನ ಹೆಸರನ್ನು ಊರಲ್ಲಿ ಯಾರೂ ಎತ್ತುವುದಿಲ್ಲ, 'ತೂಬಿನವನು' ಅನ್ನುತ್ತಾರೆ. ಮದುವೆಯಲ್ಲಿ ಮೇಲೂರಿನ ಗಂಡು ಕೆಳಗಿನ ಊರಿನವರ ಕೈಯಿಂದ ನೀರು ಕುಡಿದ ಮೇಲೇ ಹಸೆಗೆ ಕೂರಬೇಕು. ಜಗಳಕ್ಕೆ ಒಂದು ಬೈಗುಳ ಬೇಕಿತ್ತು. ನಾನು ಬರೆದದ್ದು ಪುಸ್ತಕದ ಭಾಷೆಯಲ್ಲಿತ್ತು. ಡಬ್ಬಿಂಗ್‌ಗೆ ಬಂದಿದ್ದ ಮಂಡ್ಯದ ಕಡೆಯ ಅಕ್ಕ ಅದನ್ನು ಒಂದು ಸಲ ಓದಿ, ಹಾಳೆ ಪಕ್ಕಕ್ಕಿಟ್ಟು, 'ನಿನ್ ಮನೆ ತೂಬ್ ಮುಚ್ಚೋಗ!' ಎಂದು ಒಂದೇ ಉಸಿರಿಗೆ ಬೈದರು. ಈಗ ಗೇಮ್‌ನಲ್ಲಿರುವುದು ಅದೇ.

ಟೆಸ್ಟಿಂಗ್‌ಗೆ ಬಂದ ಕಾಲೇಜು ಹುಡುಗರಲ್ಲಿ ಎಷ್ಟೋ ಜನ ಲೋರ್ ಪುಸ್ತಕ (ಗೇಮ್ ಲೋಕದ ಹಿನ್ನೆಲೆ ಹೇಳುವ ಪುಟಗಳು) ತೆರೆದೂ ನೋಡುವುದಿಲ್ಲ. ಅದು ನನಗೆ ಗೊತ್ತಿರುವ ವಿಷಯವೇ, ಅವರ ಮೇಲೆ ಬೇಜಾರಿಲ್ಲ. ಆದರೆ ಒಬ್ಬ ಎರಡನೇ ಕೀಲಿಗಾಗಿ ಒದ್ದಾಡುತ್ತಾ, 'ಸಾರ್, ಈ ತೂಬಿನವನು ಅಂದ್ರೆ ಯಾರು? ಎಲ್ಲರೂ ಅವನಿಗೇ ಬೈತಾರೆ' ಎಂದು ಕೇಳಿದ. ಆಟಗಾರ ತಾನಾಗಿ ಕೇಳುವ ತನಕ ಖಳನ ಇತಿಹಾಸ ಹೇಳಬಾರದು. ಕೇಳಿದಾಗಲೂ ಪೂರ್ತಿ ಹೇಳಬಾರದು.

ಹೇಳುವಾಗ ಬೇರೆ ಬೇರೆ ಬಾಯಲ್ಲಿ ಬೇರೆ ಬೇರೆ ಕಥೆ ಬರಲಿ. ಕೆಳಗಿನ ಊರಿನ ಅಜ್ಜಿಗೆ ಅವನು ರಾಕ್ಷಸ. ಮೇಲೂರಿನ ಪೂಜಾರಿಯ ಪ್ರಕಾರ ಆ ವರ್ಷ ಕೆರೆ ಏರಿ ಬಿರುಕು ಬಿಟ್ಟಿತ್ತು, ತೂಬು ಮುಚ್ಚದಿದ್ದರೆ ಎಲ್ಲ ಕೊಚ್ಚಿಹೋಗುತ್ತಿತ್ತು. ಇಬ್ಬರೂ ಒಪ್ಪುವ ವಸ್ತು ಒಂದಾದರೂ ಕಣ್ಣೆದುರು ಇರಬೇಕು. ತಲಕಾಡಿನಲ್ಲಿ ಅದು ಮರಳು. ನಮ್ಮಲ್ಲಿ ಏರಿಯ ಮೇಲಿನ ತೇಪೆ. ಅದು ಬಿರುಕು ಮುಚ್ಚಿದ ಗುರುತೋ, ಯುದ್ಧದ ಗುರುತೋ ಎಂದು ನಾನು ಎಲ್ಲೂ ಬರೆದಿಲ್ಲ, ಬರೆಯುವುದೂ ಇಲ್ಲ. ಹಾಗಂತ ಊರಿನ ಪ್ರತಿಯೊಂದು ಕಷ್ಟಕ್ಕೂ ರುದ್ರಭಂಜನೇ ಕಾರಣ ಎಂದೂ ಮಾಡಬಾರದು. ಬರಗಾಲಕ್ಕೂ ಅವನು, ರೋಗಕ್ಕೂ ಅವನು, ರಾಜನ ಸಾವಿಗೂ ಅವನು ಎಂದರೆ ಆಟಗಾರನಿಗೆ ಲೇಖಕನ ಕೈ ಕಾಣಿಸಿಬಿಡುತ್ತದೆ. ಇವನ ಸೀಮೆ ನೀರು. ಅಲ್ಲಿಂದ ಆಚೆ ಇವನು ಕಾಲಿಡುವುದಿಲ್ಲ.

ನೆನಪು ಅಳಿದರೂ ಅಭ್ಯಾಸ ಉಳಿಯುತ್ತದೆ ಎನ್ನುವುದಕ್ಕೆ ನಮ್ಮ ದೀಪಾವಳಿಯೇ ಸಾಕ್ಷಿ. ನೀರು ತುಂಬುವ ಹಬ್ಬದ ಸಂಜೆ ಹಂಡೆ ತೊಳೆದು ನೀರು ತುಂಬಿಸುವಾಗ, ಬೆಳಗಿನ ಜಾವ ತಲೆಗೆ ಎಣ್ಣೆ ತಟ್ಟಿಸಿಕೊಳ್ಳುವಾಗ ನರಕಾಸುರನನ್ನು ನೆನೆಯುವವರು ಎಷ್ಟು ಜನ? ಆದರೂ ಅವನ ದಿನ ತಪ್ಪುವುದಿಲ್ಲ. ಅದಕ್ಕೇ ನಾನು ಗೇಮ್‌ನಲ್ಲಿ ಕಾರಣವೇ ಮರೆತುಹೋದ ಒಂದು ಆಚರಣೆಯನ್ನಾದರೂ ಇಡುತ್ತೇನೆ. ಇಲ್ಲಿ ಅದು ಮಕ್ಕಳ ಆಟ. ಮೂವರು ಕೈ ಹಿಡಿದು ನಿಲ್ಲುತ್ತಾರೆ, ನಾಲ್ಕನೆಯವನು ನುಗ್ಗಬೇಕು. ನುಗ್ಗಿದವನಿಗೆ ಉಳಿದವರು ಆ ದಿನ ಪೂರ್ತಿ ನೀರು ಕೊಡುವುದಿಲ್ಲ. ಯಾಕೆ ಅಂತ ಆಟಗಾರ ಕೇಳಿದರೆ ಮಕ್ಕಳಿಗೆ ಗೊತ್ತಿಲ್ಲ.

ಸ್ಟುಡಿಯೊದವರು ಈಗಲೂ ಕೇಳುತ್ತಿದ್ದಾರೆ, ಕೊನೆಯಲ್ಲಿ ಒಂದು ಸಲ ಅವನು ಎದ್ದು ಬರಲಿ, ದೆವ್ವವಾಗಿಯಾದರೂ ಪರವಾಗಿಲ್ಲ ಎಂದು. ನಾನು ಅದರ ಬದಲು ಅವನ ವಂಶದವರನ್ನು ಕೊಟ್ಟಿದ್ದೇನೆ. ಮೇಲೂರಿನ ಆಚೆ ಒಂದೇ ಮನೆ. ಅವರಿಗೆ ಹೆಣ್ಣು ಕೊಡುವವರಿಲ್ಲ, ಕೀಲಿಯ ಭತ್ತದಲ್ಲಿ ಪಾಲಿಲ್ಲ, ಆದರೆ ತೂಬಿನ ಹಳೆಯ ನಕ್ಷೆ ಇರುವುದು ಅವರ ಅಟ್ಟದಲ್ಲೇ. ಆ ನಕ್ಷೆ ಸಿಗಬೇಕಾದರೆ ಆಟಗಾರ ಅವರ ಮನೆಯಲ್ಲಿ ಕೂತು ಉಣ್ಣಬೇಕು. ಉಂಡ ಸುದ್ದಿ ಹಬ್ಬಿದರೆ ಮೂರು ಕೀಲಿ ಮನೆಗಳಲ್ಲಿ ಒಂದು ಬಾಗಿಲು ಹಾಕಿಕೊಳ್ಳುತ್ತದೆ. ಯಾವ ಮನೆ ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ. ನನ್ನ ಒಲವು ಕೆಳಗಿನ ಊರಿನ ಅಜ್ಜಿಯ ಮನೆಯ ಕಡೆ, ಯಾಕೆಂದರೆ ಆಟಗಾರನಿಗೆ ಅಷ್ಟು ಹೊತ್ತಿಗೆ ಅವರ ಮೇಲೇ ಜಾಸ್ತಿ ಅಕ್ಕರೆ ಬಂದಿರುತ್ತದೆ.