ಸ್ಕ್ಯಾನರ್ ಚುಚ್ಚಿದರೆ ಲೈಟೇ ಬರುತ್ತಿಲ್ಲ: ಒಬಿಡಿ ಪೋರ್ಟಿಗೆ ಕರೆಂಟ್ ಯಾಕಿಲ್ಲ?

ಓದುಗರ ಪ್ರಶ್ನೆ: ಕಾರಿನಲ್ಲಿ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿದೆ. ದೋಷದ ಕೋಡ್ ನೋಡೋಣ ಅಂತ ಸ್ಕ್ಯಾನರ್ ತಂದು ಸ್ಟೇರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ (ಕಾರಿನ ದೋಷ ಪತ್ತೆಗೆ ಸ್ಕ್ಯಾನರ್ ಚುಚ್ಚುವ ಜಾಗ) ಹಾಕಿದೆ. ಸ್ಕ್ಯಾನರ್ ಆನ್ ಆಗುತ್ತಲೇ ಇಲ್ಲ. ಕಾರು ಮಾತ್ರ ಆರಾಮಾಗಿ ಸ್ಟಾರ್ಟ್ ಆಗಿ ಓಡುತ್ತಿದೆ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೋಗಿರಬಹುದಾ?

ಉತ್ತರ: ಇಸಿಯು ಹೋಗಿದ್ದರೆ ಕಾರು ಹೀಗೆ ಆರಾಮಾಗಿ ಓಡುತ್ತಿರಲಿಲ್ಲ, ಅಲ್ವಾ? ಸ್ಕ್ಯಾನರಿನ ಲೈಟ್ ಹೊತ್ತಿಸುವ ಕರೆಂಟ್ ಇಸಿಯು ಒಳಗಿಂದ ಬರುವುದೇ ಇಲ್ಲ. ಅದು ಬ್ಯಾಟರಿಯಿಂದ ಹೊರಟು, ಫ್ಯೂಸ್ ದಾಟಿ, ಪೋರ್ಟಿಗೆ ಬರುತ್ತದೆ. ಆದ್ದರಿಂದ ಹುಡುಕಬೇಕಾದ್ದು ಆ ದಾರಿಯಲ್ಲಿ. ಅದಕ್ಕೂ ಮೊದಲು ಆ ಸ್ಕ್ಯಾನರನ್ನು ಇನ್ನೊಂದು ಕಾರಿಗೆ ಹಾಕಿ ನೋಡಿ. ಅಲ್ಲೂ ಆನ್ ಆಗದಿದ್ದರೆ ನಿಮ್ಮ ಕಾರಿನ ತಪ್ಪೇನಿಲ್ಲ.

ಸ್ಕ್ಯಾನರ್ ಸರಿ ಇದ್ದರೆ ಮುಂದಿನ ಹೆಜ್ಜೆ ಪೋರ್ಟ್ ಬಿಚ್ಚುವುದಲ್ಲ. ಕೀ ಆನ್ ಮಾಡಿ, ಸಿಗರೇಟ್ ಲೈಟರ್ ಸಾಕೆಟ್ಟಿಗೆ ಫೋನ್ ಚಾರ್ಜರ್ ಹಾಕಿ ನೋಡಿ. ಎಷ್ಟೋ ಕಾರುಗಳಲ್ಲಿ ಈ ಸಾಕೆಟ್ಟಿಗೂ ಒಬಿಡಿ ಪೋರ್ಟಿಗೂ ಒಂದೇ ಫ್ಯೂಸ್. ಸಾಕೆಟ್ ಒಳಗೆ ಒಂದು ನಾಣ್ಯ ಬಿದ್ದರೆ ಸಾಕು, ಶಾರ್ಟ್ ಆಗಿ ಆ ಫ್ಯೂಸ್ ಹೋಗುತ್ತದೆ. ಚಾರ್ಜರಿನ ತುದಿಯ ಲೋಹದ ಚೂರು ಮುರಿದು ಒಳಗೇ ಉಳಿದಿರಬಹುದು. ಟೈರಿಗೆ ಗಾಳಿ ತುಂಬುವ ಪಂಪ್ ಜಾಸ್ತಿ ಕರೆಂಟ್ ಎಳೆದಿರಬಹುದು. ಫ್ಯೂಸ್ ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ, ಯಾಕೆಂದರೆ ಕಾರು ಎಂದಿನಂತೆ ಓಡುತ್ತಿರುತ್ತದೆ. ತಿಂಗಳುಗಟ್ಟಲೆ ಬಿಟ್ಟು ಸ್ಕ್ಯಾನರ್ ಚುಚ್ಚಿದಾಗಲೇ ವಿಷಯ ಹೊರಬೀಳುವುದು. ಸಾಕೆಟ್ಟೂ ಪೋರ್ಟೂ ಎರಡೂ ಸತ್ತಿದ್ದರೆ ಮೊದಲು ಸಾಕೆಟ್ ಒಳಗೆ ಟಾರ್ಚ್ ಬಿಡಿ.

ಇನ್ನು ಫ್ಯೂಸ್ ಹುಡುಕುವುದು. ಫ್ಯೂಸ್ ಬಾಕ್ಸ್ ಸಾಮಾನ್ಯವಾಗಿ ಎರಡಿರುತ್ತವೆ, ಒಂದು ಡ್ಯಾಶ್‌ಬೋರ್ಡ್ ಹತ್ತಿರ, ಇನ್ನೊಂದು ಬಾನೆಟ್ ಕೆಳಗೆ. ಮುಚ್ಚಳದ ಮೇಲೋ ಓನರ್ಸ್ ಮ್ಯಾನ್ಯುಯಲ್‌ನಲ್ಲೋ ಪಟ್ಟಿ ಇರುತ್ತದೆ. ಕಿರಿಕಿರಿ ಏನೆಂದರೆ ಅಲ್ಲಿ 'ಒಬಿಡಿ' ಅಂತ ನೇರವಾಗಿ ಬರೆದಿರಬೇಕು ಅಂತೇನಿಲ್ಲ. 'ಡಿಎಲ್‌ಸಿ', 'ಡಯಾಗ್', 'ಸಿಗ್', 'ಡೋಮ್', ಹೀಗೆ ಒಂದೊಂದು ಕಂಪನಿಯದು ಒಂದೊಂದು ಹೆಸರು. ಗೊತ್ತಾಗದಿದ್ದರೆ ಎಲ್ಲ ಫ್ಯೂಸನ್ನೂ ಒಂದು ಸುತ್ತು ಪರೀಕ್ಷೆ ಮಾಡುವುದೇ ಸುಲಭ. ಕಿತ್ತು ನೋಡುವ ಅಗತ್ಯವೂ ಇಲ್ಲ. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಪುಟ್ಟ ಲೋಹದ ಚುಕ್ಕೆಗಳು ಕಾಣುತ್ತವೆ. ಕೀ ಆನ್ ಇರಲಿ. ಮಲ್ಟಿಮೀಟರನ್ನು (ವೋಲ್ಟೇಜ್ ಅಳೆಯುವ ಮೀಟರ್) ಡಿಸಿ 20 ವೋಲ್ಟ್‌ಗೆ ಇಡಿ. ಕಪ್ಪು ಕಡ್ಡಿಯನ್ನು ಬಣ್ಣ ಇಲ್ಲದ ಬಾಡಿ ಲೋಹಕ್ಕೆ ಒತ್ತಿ, ಕೆಂಪು ಕಡ್ಡಿಯನ್ನು ಎರಡೂ ಚುಕ್ಕೆಗೆ ಒಂದಾದ ಮೇಲೊಂದು ಮುಟ್ಟಿಸಿ. ಎರಡರಲ್ಲೂ 12 ವೋಲ್ಟ್ ಬಂದರೆ ಫ್ಯೂಸ್ ಸರಿ. ಒಂದರಲ್ಲಿ ಮಾತ್ರ ಬಂದರೆ ಹೋಗಿದೆ. ಎರಡರಲ್ಲೂ ಇಲ್ಲ ಅಂದರೆ ಆ ಫ್ಯೂಸಿಗೇ ಕರೆಂಟ್ ಬರುತ್ತಿಲ್ಲ, ಅದರ ಹಿಂದಿನ ದೊಡ್ಡ ಫ್ಯೂಸನ್ನೋ ರಿಲೇಯನ್ನೋ (ಕರೆಂಟಿನಿಂದಲೇ ನಡೆಯುವ ಸ್ವಿಚ್) ನೋಡಬೇಕು. ಬರೀ ಕಣ್ಣನ್ನು ನಂಬಬೇಡಿ. ಕೂದಲೆಳೆಯಷ್ಟು ಬಿರುಕು ಪ್ಲಾಸ್ಟಿಕ್ ಒಳಗೆ ಕಾಣುವುದಿಲ್ಲ.

ಹೊಸ ಫ್ಯೂಸ್ ಹಾಕುವಾಗ ಅಷ್ಟೇ ಆಂಪಿಯರ್‌ದು ಹಾಕಿ. 10ಕ್ಕೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ ಬಣ್ಣ ಇರುತ್ತದೆ. ಹಾಕಿದ ಕೂಡಲೇ ಮತ್ತೆ ಹೋದರೆ ಎಲ್ಲೋ ಶಾರ್ಟ್ ಆಗುತ್ತಿದೆ ಅಂತ ಅರ್ಥ. ಆಗ 'ಸ್ವಲ್ಪ ದೊಡ್ಡದು ಹಾಕೋಣ' ಅನ್ನುವವರ ಮಾತು ಕೇಳಬೇಡಿ. ಫ್ಯೂಸ್ ಬದಲು ವೈರ್ ಸುಟ್ಟುಹೋಗುತ್ತದೆ.

ಫ್ಯೂಸ್ ಸರಿ ಇದ್ದೂ ಪೋರ್ಟ್ ಸತ್ತಿದೆಯೇ? ಈಗ ಪೋರ್ಟಿಗೇ ಮೀಟರ್ ಹಿಡಿಯಬೇಕು. ಒಬಿಡಿ 2 ಪೋರ್ಟಿನಲ್ಲಿ 16 ಪಿನ್ ಜಾಗಗಳಿವೆ. ಅಗಲದ ಬದಿ ಮೇಲೆ ಬರುವಂತೆ ಎದುರಿನಿಂದ ನೋಡಿದರೆ ಮೇಲಿನ ಸಾಲು ಎಡದಿಂದ 1ರಿಂದ 8, ಕೆಳಗಿನ ಸಾಲು 9ರಿಂದ 16. ಎಲ್ಲ ಜಾಗದಲ್ಲೂ ಲೋಹ ಇರುವುದಿಲ್ಲ, ಅದಕ್ಕೆ ಗಾಬರಿ ಬೇಡ. ನಮಗೆ ಬೇಕಾದ್ದು ಮೂರೇ. 16 ಬ್ಯಾಟರಿ ಪ್ಲಸ್. 4 ಬಾಡಿ ಅರ್ಥ್, ಅಂದರೆ ಮೈನಸ್ ಕಡೆ. 5 ಸಿಗ್ನಲ್ ಅರ್ಥ್.

ಕೆಂಪು ಕಡ್ಡಿ 16ರಲ್ಲಿ, ಕಪ್ಪು ಕಡ್ಡಿ 4ರಲ್ಲಿ ಇಡಿ. ಬ್ಯಾಟರಿ ಚೆನ್ನಾಗಿದ್ದರೆ ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು ಬರಬೇಕು. ಆಮೇಲೆ ಕಪ್ಪು ಕಡ್ಡಿಯನ್ನು 5ಕ್ಕೆ ಬದಲಿಸಿ. ಕೊನೆಗೆ ಬಾಡಿ ಲೋಹಕ್ಕೆ. ಈ ಮೂರು ರೀಡಿಂಗ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಬಾಡಿಗೆ ಹಿಡಿದಾಗಲೂ ಸೊನ್ನೆ ಬಂದರೆ ಪ್ಲಸ್ ವೈರೇ ಫ್ಯೂಸಿನಿಂದ ಪೋರ್ಟಿನ ನಡುವೆ ಎಲ್ಲೋ ಕಡಿದಿದೆ. ಬಾಡಿಗೆ ಹಿಡಿದಾಗ 12 ಬಂದು 4ಕ್ಕೆ ಬರದಿದ್ದರೆ ಪ್ಲಸ್ ಸರಿ, ಅರ್ಥ್ ಕಡಿದಿದೆ. ಜನ ಹೆಚ್ಚಾಗಿ ಎಡವುವುದು ಇಲ್ಲೇ. ಪ್ಲಸ್ ಬಂತು ಅಂತ ನೋಡಿ ಬಿಟ್ಟುಬಿಡುತ್ತಾರೆ, ಅರ್ಥ್ ಕಡೆ ತಿರುಗಿಯೂ ನೋಡುವುದಿಲ್ಲ. ಅರ್ಥ್ ಬೋಲ್ಟ್ ಸಡಿಲವಾಗಿದ್ದರೆ, ಇಲ್ಲವೇ ಕಿಲುಬು ಹಿಡಿದಿದ್ದರೆ, ಬಿಚ್ಚಿ ಉಜ್ಜಿ ಬಿಗಿ ಮಾಡಿದರೆ ಸಾಕು.

ಇನ್ನೂ ಒಂದು ಮೋಸ ಇದೆ. ಮೀಟರ್ 12 ವೋಲ್ಟ್ ತೋರಿಸುತ್ತದೆ, ಸ್ಕ್ಯಾನರ್ ಮಾತ್ರ ಏಳುವುದಿಲ್ಲ. ಮೀಟರ್ ಎಳೆಯುವ ಕರೆಂಟ್ ತೀರಾ ಕಮ್ಮಿ. ಹತ್ತು ಎಳೆಯಲ್ಲಿ ಒಂದೇ ಎಳೆ ಉಳಿದ ವೈರಿನಲ್ಲೂ ಅದಕ್ಕೆ ಪೂರ್ತಿ ವೋಲ್ಟೇಜ್ ಕಾಣುತ್ತದೆ. ಅದಕ್ಕೇ ಹಳೇ ಎಲೆಕ್ಟ್ರಿಷಿಯನ್‌ಗಳು ಮೀಟರಿಗಿಂತ ಬಲ್ಬ್ ಇರುವ ಟೆಸ್ಟ್ ಲ್ಯಾಂಪನ್ನೇ ನಂಬುವುದು. ನನ್ನ ಓಟೂ ಅದಕ್ಕೇ. ಬಲ್ಬ್ 16 ಮತ್ತು 4ರ ನಡುವೆ ಪ್ರಕಾಶವಾಗಿ ಉರಿದರೆ ವೈರಿಂಗ್ ಗಟ್ಟಿ. ಮಂಕಾಗಿ ಉರಿದರೆ ದಾರಿಯಲ್ಲಿ ಎಲ್ಲೋ ಕಿಲುಬು, ಇಲ್ಲವೇ ಲೂಸ್ ಕಾಂಟ್ಯಾಕ್ಟ್. ಈ ಲ್ಯಾಂಪನ್ನು ಬೇರೆ ಪಿನ್‌ಗಳಿಗೆ ಮಾತ್ರ ಮುಟ್ಟಿಸಬೇಡಿ. 6 ಮತ್ತು 14 ಇಸಿಯು ಮಾತಾಡುವ ಕ್ಯಾನ್ ಲೈನ್‌ಗಳು. ಡ್ಯಾಶ್‌ಬೋರ್ಡ್ ಕೆಳಗಿನ ಹಳದಿ ಕನೆಕ್ಟರ್‌ಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು. ಅದರ ಸುದ್ದಿಗೇ ಹೋಗಬೇಡಿ.

ಬಲ್ಬೂ ಚೆನ್ನಾಗಿ ಉರಿಯಿತು, ಆದರೂ ಸ್ಕ್ಯಾನರ್ ಏಳಲಿಲ್ಲ ಅಂದರೆ ಪೋರ್ಟಿನ ಬಾಯಿಗೆ ಟಾರ್ಚ್ ಹಿಡಿದು ನೋಡಿ. 16ರ ಲೋಹ ಬೇರೆಯವಕ್ಕಿಂತ ಹಿಂದೆ ಸರಿದಿದೆಯೇ? ದಪ್ಪ ಕಡ್ಡಿ ತುರುಕಿ ಯಾರಾದರೂ ಅದರ ಬಾಯಿ ಅಗಲ ಮಾಡಿದ್ದಾರೆಯೇ? ಹಾಗಾದರೆ ಸ್ಕ್ಯಾನರಿನ ಪಿನ್ ಒಳಗೆ ಹೋದರೂ ಕಚ್ಚಿಕೊಳ್ಳುವುದಿಲ್ಲ. ಪ್ಲಗ್ಗನ್ನು ಸ್ವಲ್ಪ ಅಲುಗಾಡಿಸಿದಾಗ ಲೈಟ್ ಮಿಣುಕಿದರೆ ಇದೇ ಕಾಯಿಲೆ. ನೀವೂ ಮೀಟರ್ ಹಿಡಿಯುವಾಗ ತೆಳ್ಳಗಿನ ಕಡ್ಡಿಯನ್ನೇ ಬಳಸಿ.

ಕಾರಿಗೆ ಆಮೇಲೆ ಹಾಕಿಸಿದ ಜಿಪಿಎಸ್ ಟ್ರ್ಯಾಕರ್, ಅಲಾರಂ, ಸ್ಟೀರಿಯೋ ಇದ್ದರೆ ಅದರ ಮೇಲೂ ಒಂದು ಕಣ್ಣಿರಲಿ. ಸುಮ್ನೆ ಕೈಗೆ ಸಿಕ್ಕಿತು ಅಂತ ಒಬಿಡಿ ವೈರಿಗೇ ಕೊಕ್ಕೆ ಹಾಕಿ ಟೇಪ್ ಸುತ್ತಿರುತ್ತಾರೆ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಮೊದಲು ಇವನ್ನು ಬೇರ್ಪಡಿಸಿ, ಸಾಕೆಟ್ಟನ್ನೂ ಖಾಲಿ ಮಾಡಿ, ಆಮೇಲೆ ಹೊಸ ಫ್ಯೂಸ್ ಹಾಕಿ ನೋಡಿ. ಆಗಲೂ ಹೋದರೆ ಆಟೋ ಎಲೆಕ್ಟ್ರಿಷಿಯನ್ ಕೈಗೆ ಕೊಡಿ, ಡ್ಯಾಶ್‌ಬೋರ್ಡ್ ಹಿಂದೆ ವೈರ್ ಸವೆದ ಜಾಗ ಹುಡುಕಬೇಕಾಗುತ್ತದೆ.

ಸ್ಕ್ಯಾನರ್ ಆನ್ ಆಗಿ 'ಲಿಂಕ್ ಎರರ್' ಅಂತ ತೋರಿಸಿದರೆ ಅದು ಬೇರೆಯೇ ತೊಂದರೆ. ಕರೆಂಟ್ ಬಂದಾಗಿದೆ, ಮಾತುಕತೆ ನಡೆಯುತ್ತಿಲ್ಲ. ಆಗ ಒಮ್ಮೆ ಇಗ್ನಿಷನ್ ಆನ್ ಇದೆಯಾ ಅಂತ ನೋಡಿ. ಹೆಚ್ಚಿನ ಕಾರುಗಳಲ್ಲಿ ಕೀ ಆಫ್ ಇದ್ದರೂ ಸ್ಕ್ಯಾನರಿನ ಲೈಟ್ ಬರುತ್ತದೆ, ಆದರೆ ಕೀ ಆನ್ ಮಾಡುವವರೆಗೆ ಎಂಜಿನ್ ಇಸಿಯು ಉತ್ತರ ಕೊಡುವುದಿಲ್ಲ.