‘ಪ್ರೋತ್ಸಾಹ ಕೊಟ್ಟೆ’ ಅಂದರೆ ಸಾಲದು

“ಕೆಲಸದಲ್ಲಿ ಹಿಂದೆ ಬಿದ್ದವರೊಬ್ಬರನ್ನು ನೀವು ಹುರಿದುಂಬಿಸಿದ ಸಂದರ್ಭ ಹೇಳಿ.” ಟೀಮ್ ನೋಡಿಕೊಳ್ಳುವ ಹುದ್ದೆಯ ಇಂಟರ್‌ವ್ಯೂಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. “ನಾನು ಎಲ್ಲರ ಜೊತೆ ಬೆರೆಯುತ್ತೇನೆ, ಸದಾ ಪ್ರೋತ್ಸಾಹ ಕೊಡುತ್ತೇನೆ” ಎಂಬ ಉತ್ತರವೂ ಅಷ್ಟೇ ಸಲ ಬರುತ್ತದೆ. ಕೇಳಿದ್ದು ನಡೆದ ಘಟನೆ, ಹೇಳುವುದು ಸ್ವಭಾವ! ಬರೆದುಕೊಳ್ಳಲು ಇಂಟರ್‌ವ್ಯೂ ಮಾಡುವ ನಮಗೆ ಏನೂ ಸಿಗುವುದಿಲ್ಲ.

ಅವರು ಯಾಕೆ ಹಿಂದೆ ಬಿದ್ದರು ಅಂತ ನೀವು ಪತ್ತೆ ಮಾಡಿದಿರಾ? ನಾನು ಮೊದಲು ನೋಡುವುದು ಇದನ್ನೇ. ಕೆಲಸ ಬಾರದೆ ತಡವರಿಸುವವರು ಬೇರೆ, ಬಂದರೂ ಮನಸ್ಸಿಲ್ಲದವರು ಬೇರೆ. ಮೊದಲಿನವರ ಬೆನ್ನು ತಟ್ಟಿ “ನಿಮ್ಮಿಂದ ಆಗುತ್ತೆ” ಅಂದರೆ ಗಾಬರಿ ಹೆಚ್ಚೀತು, ಅವರಿಗೆ ಕಲಿಸಬೇಕು. ಎರಡನೆಯವರನ್ನು ತರಬೇತಿಗೆ ಕಳಿಸಿದರೆ ಅವಮಾನ ಅನಿಸೀತು. ಸ್ವಂತ ನಿರ್ಧಾರಕ್ಕೆ ಅವಕಾಶ, ಕೈಲಾಗುತ್ತದೆಂಬ ಭರವಸೆ, ಜೊತೆಯವರ ನಂಟು: ಹುರುಪಿಗೆ ಬೇಕೆಂದು ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಗುರುತಿಸಿದ ಈ ಮೂರರಲ್ಲಿ ಯಾವುದು ಕುಸಿದಿತ್ತು ಅಂತ ಮನೆಯಲ್ಲೇ ಯೋಚಿಸಿ ಬನ್ನಿ. (ಇಂಟರ್‌ವ್ಯೂನಲ್ಲಿ ಇವರ ಹೆಸರು ಎತ್ತಬೇಡಿ, ಉರು ಹೊಡೆದಂತೆ ಕೇಳಿಸುತ್ತದೆ.)

ಒಳ್ಳೆಯ ಉತ್ತರ ಹೀಗಿರಬಹುದು: “ಹೊಸಬರೊಬ್ಬರ ರಿಪೋರ್ಟ್ ಪ್ರತಿ ವಾರ ತಡವಾಗುತ್ತಿತ್ತು. ಪಕ್ಕದಲ್ಲಿ ಕೂತು ನೋಡಿದೆ. ಲೆಕ್ಕ ಸರಿಯಾಗಿತ್ತು, ಮುಕ್ಕಾಲು ಸಮಯ ಶೀಟ್‌ನ ಅಂದಚಂದಕ್ಕೆ ಹೋಗುತ್ತಿತ್ತು. ಇದನ್ನು ಓದುವವರಿಗೆ ಬೇಕಾದ್ದೇನು ಅಂತ ಕೇಳಿದೆ; ಗೊತ್ತಿಲ್ಲ ಅಂದರು. ಓದುವವರ ಜೊತೆಗೇ ಮಾತಾಡಿಸಿದೆ. ಯಾವ ಕಾಲಂ ಬಿಡಬೇಕೆಂದು ಆ ಹೊಸಬರೇ ತೀರ್ಮಾನಿಸಿದರು. ಆಮೇಲೆ ತಡವಾಗಲಿಲ್ಲ.” ಇಲ್ಲಿ ಭಾಷಣವಿಲ್ಲ. ನೋಡಿದ್ದು, ಕೇಳಿದ್ದು, ತೀರ್ಮಾನವನ್ನು ಅವರಿಗೇ ಬಿಟ್ಟಿದ್ದು. ಕೋಚಿಂಗ್ ಅಂದರೆ ಇಷ್ಟೇ.

ಸಂದರ್ಭ, ಹೊಣೆ, ಕ್ರಮ, ಫಲಿತಾಂಶ ಎಂದು ಉತ್ತರ ಜೋಡಿಸುವ ‘ಸ್ಟಾರ್’ ವಿಧಾನ (ಈ ನಾಲ್ಕರ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರಗಳು) ಬಹುಪಾಲು ಅಭ್ಯರ್ಥಿಗಳಿಗೆ ಗೊತ್ತು. ಆದರೆ ಸಂದರ್ಭ ವಿವರಿಸುವುದರಲ್ಲೇ ಅರ್ಧ ಸಮಯ ಕಳೆಯುತ್ತಾರೆ. ಅದಕ್ಕೆ ಎರಡು ವಾಕ್ಯ ಸಾಕು, ಉಳಿದದ್ದು ಕ್ರಮಕ್ಕಿರಲಿ. “ಆಗ ನೀವು ಆಡಿದ ಮಾತು ಯಾವುದು? ಹಾಗೇ ಹೇಳಿ” ಅಂತ ನಾವು ಮರುಪ್ರಶ್ನೆ ಹಾಕುತ್ತೇವೆ. ಕಟ್ಟಿದ ಕಥೆಗಳು ಸಾಮಾನ್ಯವಾಗಿ ಬಿದ್ದುಹೋಗುವುದು ಅಲ್ಲೇ.

ಟೀಮ್ ನಡೆಸಿದ ಅನುಭವವಿಲ್ಲದವರು ಸಹಪಾಠಿಗೋ ಸಹೋದ್ಯೋಗಿಗೋ ಕಲಿಸಿದ್ದನ್ನು ಹೇಳಿದರೂ ನಡೆಯುತ್ತದೆ. ಆ ವ್ಯಕ್ತಿಯ ಹೆಸರು, ಗುರುತು ಮಾತ್ರ ಬೇಡ. ಅವರನ್ನು ಸೋಮಾರಿ ಅಂತ ಚಿತ್ರಿಸಿದರೆ, ನಾಳೆ ಈ ಅಭ್ಯರ್ಥಿ ನಮ್ಮವರ ಬಗ್ಗೆ ಹೊರಗೆ ಏನು ಹೇಳಿಕೊಂಡು ಬರುತ್ತಾರೋ ಅಂತ ಮೇಜಿನ ಈಚೆ ಕೂತವರು ಯೋಚಿಸತೊಡಗುತ್ತಾರೆ.