ಪ್ರೊಡಾಕ್ಸಸ್ ಮೋಸಗಾರ ಪತಂಗ ಅಲ್ಲ

ಅಮೆರಿಕ ಮೂಲದ ಯುಕ್ಕಾ ಗಿಡದ ಹೂವಿನ ಫೋಟೊದಲ್ಲಿ ಪುಟ್ಟ ಬಿಳಿ ಪತಂಗ ಕಂಡರೆ ಸಾಕು, ‘ಯುಕ್ಕಾ ಪತಂಗ, ಪರಾಗಸ್ಪರ್ಶ ಮಾಡುತ್ತಿದೆ’ ಎಂದು ಬರೆದುಬಿಡುತ್ತಾರೆ. ಅದು ಪ್ರೊಡಾಕ್ಸಸ್ ಎಂಬ ಬೇರೆ ಪತಂಗ ಕಣ್ರೀ ಎಂದು ಯಾರಾದರೂ ತಿದ್ದಿದರೆ, ಪರಾಗ ಹೊರದೆ ಗಿಡವನ್ನು ತಿನ್ನುತ್ತದೆ ಎಂದು ಅದಕ್ಕೆ ‘ಮೋಸಗಾರ’ ಎಂಬ ಪಟ್ಟ ಕಟ್ಟುತ್ತಾರೆ. ಎರಡೂ ತಪ್ಪು. ಎರಡನೆಯದು ಜಾಸ್ತಿ ತಪ್ಪು.

ಉತ್ತರ ಅಮೆರಿಕದ ಈ ಪತಂಗ ಕುಲಕ್ಕೆ ಹೆಸರಿಟ್ಟವರು ಕೀಟತಜ್ಞ ಚಾರ್ಲ್ಸ್ ವ್ಯಾಲೆಂಟೈನ್ ರೈಲಿ, 1880ರಲ್ಲಿ. ಗ್ರೀಕ್ ಮೂಲದ ಈ ಪದಕ್ಕೆ ‘ಕಂಡು ತಿಳಿಯುವ ಮೊದಲೇ ತೀರ್ಮಾನಕ್ಕೆ ಬರುವುದು’ ಎಂಬ ಅರ್ಥ. ಯುಕ್ಕಾದ ಪರಾಗ ಹೊರುವ ಪತಂಗವನ್ನು ರೈಲಿ ಮೊದಲೇ ವಿವರಿಸಿದ್ದರು. ಅದೇ ಹೂವಿನಲ್ಲಿ ಸಿಗುವ ಈ ಇನ್ನೊಂದನ್ನು ನೋಡಿ, ಎರಡೂ ಒಂದೇ ಎಂದುಕೊಂಡವರು ಅವರ ಮಾತನ್ನೇ ಅನುಮಾನಿಸಿದರು. ಅದಕ್ಕೇ ಕುಲಕ್ಕೆ ಈ ಹೆಸರು. ಒಂದು ಪ್ರಭೇದಕ್ಕೆ ಅವರು ಕೊಟ್ಟ ಹೆಸರು ‘ಡೆಸಿಪಿಯನ್ಸ್’, ಅಂದರೆ ಮೋಸಗೊಳಿಸುವಂಥದ್ದು. ಇಲ್ಲಿ ಮೋಸ ಹೋದದ್ದು ನೋಡಿದವರ ಕಣ್ಣು, ಗಿಡವಲ್ಲ. ಇಷ್ಟು ಗಮನಿಸಿದರೆ ಗೊಂದಲವೇ ಇರುವುದಿಲ್ಲ, ಅಲ್ವಾ?

ವ್ಯತ್ಯಾಸ ಬಾಯಿಯ ಹತ್ತಿರವೇ ಇದೆ. ಪರಾಗ ಹೊರುವ ಯುಕ್ಕಾ ಪತಂಗದ ಕುಲ ಟೆಜೆಟಿಕ್ಯುಲಾ. ಅದರ ಹೆಣ್ಣಿಗೆ ಬಾಯಿಯ ಪಕ್ಕ ಸುರುಳಿಯಾಗುವ ಎರಡು ಎಳೆಗಳಿವೆ. ಅವುಗಳಿಂದ ಪರಾಗ ಕೆರೆದು, ಉಂಡೆ ಮಾಡಿ, ತಲೆಯ ಕೆಳಗೆ ಇಟ್ಟುಕೊಳ್ಳುತ್ತದೆ. ಹೂವಿನ ಅಂಡಾಶಯದಲ್ಲಿ ಮೊಟ್ಟೆಯಿಟ್ಟು, ಮೇಲೆ ಹತ್ತಿ ಆ ಪರಾಗವನ್ನು ಶಲಾಕಾಗ್ರಕ್ಕೆ, ಅಂದರೆ ಹೂವು ಪರಾಗ ಪಡೆಯುವ ತುದಿಗೆ, ತುರುಕುತ್ತದೆ. ಹುಟ್ಟಿದ ಮರಿಹುಳು ಒಂದಷ್ಟು ಬೀಜ ತಿನ್ನುತ್ತದೆ. ದುಡಿಮೆಗೆ ಕೂಲಿ. ಪ್ರೊಡಾಕ್ಸಸ್‌ಗೆ ಆ ಎಳೆಗಳೇ ಇಲ್ಲ. ಅದರ ಮರಿಗಳು ಹೂದಂಟಿನ ಒಳಗೆ, ಕಾಯಿಯ ಗೋಡೆಯಲ್ಲಿ, ಒಂದು ಪ್ರಭೇದದಲ್ಲಂತೂ ಎಲೆಯೊಳಗೆ ಬೆಳೆಯುತ್ತವೆ. ಬೀಜದ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಕೆಲಸವನ್ನೇ ಒಪ್ಪಿಕೊಳ್ಳದವರನ್ನು ಸುಮ್ನೆ ಕಳ್ಳ ಎನ್ನುವುದು ಯಾವ ನ್ಯಾಯ?

ನಿಜವಾದ ಮೋಸಗಾರರು ಟೆಜೆಟಿಕ್ಯುಲಾ ಕುಲದಲ್ಲೇ ಇದ್ದಾರೆ. ಇಂಟರ್‌ಮೀಡಿಯಾ, ಕರಪ್ಟ್ರಿಕ್ಸ್ ಎಂಬ ಪ್ರಭೇದಗಳ ಪೂರ್ವಜರು ಪರಾಗ ಹೊರುತ್ತಿದ್ದರು. ಇವು ಆ ಕೆಲಸ ಬಿಟ್ಟು, ಬೇರೆಯವರು ಕಟ್ಟಿಸಿದ ಕಾಯಿಯಲ್ಲಿ ಮೊಟ್ಟೆಯಿಡುತ್ತವೆ. ಬೀಜ ತಿನ್ನುವುದನ್ನು ಮಾತ್ರ ಬಿಟ್ಟಿಲ್ಲ. ‘ಮೋಸಗಾರ’ ಎಂಬ ಪದ ಇವುಗಳಿಗೆ ಮೀಸಲಿರಲಿ.

ಎಲ್ಲರ ಗಮನ ಟೆಜೆಟಿಕ್ಯುಲಾ ಮೇಲೆಯೇ ಇರುವುದರಿಂದ ಪ್ರೊಡಾಕ್ಸಸ್ ಬಗ್ಗೆ ಅಧ್ಯಯನ ಕಡಿಮೆ. ಆದರೆ ಅದರದ್ದೊಂದು ಸಂಗತಿ ಕೇಳಿ. 1969ರಲ್ಲಿ ನೆವಾಡಾದಲ್ಲಿ ಸಂಗ್ರಹಿಸಿದ ಯುಕ್ಕಾ ಕಾಯಿಗಳೊಳಗೆ ಪ್ರೊಡಾಕ್ಸಸ್ ವೈ-ಇನ್‌ವರ್ಸಸ್ ಮರಿಹುಳುಗಳಿದ್ದವು. ಕ್ಯಾಲಿಫೋರ್ನಿಯಾದ ಕೀಟತಜ್ಞ ಜೆರ್ರಿ ಪವೆಲ್ ಅವನ್ನು ಕಾಪಾಡಿಟ್ಟರು. ಬೆಳವಣಿಗೆ ನಿಲ್ಲಿಸಿ ಮಲಗಿದ್ದ ಕೆಲವು, 30 ವರ್ಷಗಳ ನಂತರ ಪತಂಗಗಳಾಗಿ ಹೊರಬಂದವು.